ಮುಟ್ಟಿಗೆ ಮುಂಚಿನ ತ್ರಾಸು

ನಾವು ಬೈಲಹೊಂಗಲದವರಿರಲಿ, ಕಿತ್ತೂರಿನವರಿರಲಿ, ಸವದತ್ತಿ, ರಾಮದುರ್ಗದವರಿರಲಿ. ಹತ್ತಿ ಬಿಡಿಸಲಿ, ಮಗ್ಗದ ಮುಂದೆ ಕೂಡಲಿ. ತಿಂಗಳಿಗೊಮ್ಮೆ ಮುಟ್ಟು ಬರುತ್ತದೆ. ಅದರ ಹಿಂದಿನ ವಾರ ನಮ್ಮಲ್ಲಿ ಬಹಳ ಮಂದಿಗೆ ಹೊಟ್ಟೆ ಉಬ್ಬುತ್ತದೆ. ಟೊಂಕ ನೋಯುತ್ತದೆ. ಎದೆ ಭಾರ ಆಗುತ್ತದೆ. ಸಣ್ಣ ಮಾತಿಗೂ ಸಿಟ್ಟು, ಅಳು ಬರುತ್ತದೆ.

"ಆಕಿಗೆ ಗಾಳಿ ಬಡದೈತಿ" ಅಂತಾರೆ ಕೆಲವರು. "ಕೆಲಸ ತಪ್ಪಿಸಾಕ ನೆವ ಮಾಡತಾಳ" ಅಂತಾರೆ ಇನ್ನು ಕೆಲವರು. ಎರಡೂ ಸುಳ್ಳು. ನಮ್ಮ ಮೈಯೊಳಗೆ ಹಾರ್ಮೋನು ಎಂಬ ರಸಗಳಿವೆ. ಮುಟ್ಟಿಗೆ ಮುಂಚೆ ಅವು ಏರಿ ಇಳಿಯುತ್ತವೆ. ಅದರಿಂದ ಈ ತ್ರಾಸು. ಮುಟ್ಟು ಶುರುವಾದ ಮೇಲೆ ತಾನೇ ಕಡಿಮೆ ಆಗುತ್ತದೆ.

ಮನೆಯಲ್ಲಿ ಏನು ಮಾಡೋಣ?

ಶುಂಠಿ: ಬೆರಳ ತುದಿಯಷ್ಟು ಹಸಿಶುಂಠಿ ಜಜ್ಜಿ, ಒಂದು ಲೋಟ ನೀರಿಗೆ ಹಾಕಿ ಕುದಿಸಿ. ಸ್ವಲ್ಪ ಬೆಲ್ಲ ಹಾಕಿ ಕುಡಿಯಿರಿ. ನೋವಿಗೆ ಆರಾಮ ಅನಿಸುತ್ತದೆ.

ಅಜವಾನ, ಬಡೇಸೋಪು: ಹೊಟ್ಟೆ ಉಬ್ಬಿದಾಗ ಚಿಟಿಕೆ ಅಜವಾನ ಇಲ್ಲವೆ ಒಂದು ಚಮಚ ಬಡೇಸೋಪು ಬಿಸಿನೀರಿಗೆ ಹಾಕಿ, ಸೋಸಿ ಕುಡಿಯಿರಿ.

ಲಕ್ಕಿ ತಪ್ಪಲು: ಹಳ್ಳದ ದಂಡೆಯಲ್ಲಿ ಬೆಳೆಯುವ ಗಿಡ ಇದು. ತಪ್ಪಲು ಕುದಿಸಿದ ನೀರಲ್ಲಿ ಅರಿವೆ ಅದ್ದಿ, ಹಿಂಡಿ, ಟೊಂಕಕ್ಕೆ ಶಾಖ ಕೊಡಿರಿ. ಕುಡಿಯೋದು ಬೇಡ. ಲಕ್ಕಿಯ ಜಾತಿಯ ಬೇರೊಂದು ಗಿಡದ ಕಾಯಿಯಿಂದ ಯುರೋಪಿನಲ್ಲಿ ಈ ತ್ರಾಸಿಗೆ ಔಷಧಿ ಮಾಡುತ್ತಾರೆ. ಆ ಗಿಡ ಬೇರೆ, ನಮ್ಮ ಲಕ್ಕಿ ಬೇರೆ.

ಆ ವಾರ ಉಪ್ಪಿನಕಾಯಿ, ಹಪ್ಪಳ, ಚಹಾ ಕಡಿಮೆ ಮಾಡೋಣ. ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮಜ್ಜಿಗೆ, ಎಳ್ಳು, ತಪ್ಪಲು ಪಲ್ಲೆ ಉಣ್ಣೋಣ. ಹೊತ್ತಿಗೆ ಸರಿಯಾಗಿ ಮಲಗೋಣ.

ಸಂತೆಯಲ್ಲಿ ಮಾರುವ ಹೆಸರಿಲ್ಲದ ಬೇರು, ಪುಡಿ ತಿನ್ನಬಾರದು. ಬಸುರಿಯರು, ದಿನಾ ಗುಳಿಗೆ ನುಂಗುವವರು ಡಾಕ್ಟರರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಯಬಾರದು.

ಈಗ ನಮಗೆ ಅಕ್ಷರ ಬಂದಿವೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯೋಣ. ಮುಟ್ಟಾದ ದಿನ 'ಮು'. ಹೊಟ್ಟೆ ಉಬ್ಬಿದ ದಿನ 'ಹೊ'. ಸಿಟ್ಟು ಬಂದ ದಿನ 'ಸಿ'. ಮೂರು ತಿಂಗಳು ಹೀಗೆ ಬರೆದು ನೋಡೋಣ. 'ಹೊ', 'ಸಿ' ಎಲ್ಲಾ 'ಮು'ಗೆ ಮುಂಚೆ ಇದ್ದರೆ ಅದು ಈ ತ್ರಾಸೇ. ತಿಂಗಳಿಡೀ ಇದ್ದರೆ ಕಾರಣ ಬೇರೆ ಇರಬಹುದು. ಆ ಕ್ಯಾಲೆಂಡರನ್ನೇ ಆಶಾ ಕಾರ್ಯಕರ್ತೆಗೆ, ಡಾಕ್ಟರರಿಗೆ ತೋರಿಸೋಣ.

ಕಷಾಯಕ್ಕೆ ಬಗ್ಗದ ತ್ರಾಸೂ ಇದೆ. ತಾಸಿಗೊಂದು ಅರಿವೆ ತೋಯ್ದರೆ, ರಕ್ತ 7 ದಿನ ದಾಟಿದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡ ಮಾಡದೆ ಸರಕಾರಿ ದವಾಖಾನೆಗೆ ಹೋಗಬೇಕು. ಸಾಯಬೇಕು ಅನಿಸಿದರೆ ಮನೆಯವರಿಗೆ ಹೇಳಬೇಕು. 14416ಕ್ಕೆ ಫೋನು ಮಾಡಬಹುದು. ಅದು ಪುಕ್ಕಟೆ. ಕನ್ನಡದಲ್ಲೇ ಮಾತಾಡುತ್ತಾರೆ.

"ಗರ್ಭಚೀಲ ತೆಗೆಸಿಬಿಡು, ಎಲ್ಲಾ ಹೋಗತೈತಿ" ಅಂತ ಯಾರಾದರೂ ಅಂದರೆ? ಅವಸರ ಮಾಡಬಾರದು. ಇನ್ನೊಬ್ಬ ಡಾಕ್ಟರರನ್ನು ಕೇಳಬೇಕು. ಕಾಗದದ ಮೇಲೆ ಏನು ಬರೆದಿದೆ ಅಂತ ಓದಿಯೇ ಸಹಿ ಮಾಡಬೇಕು. ಓದಲು ನಮಗೀಗ ಬರುತ್ತದೆ.