ಸೂಜಿ ಹೊಸದು, ಸಿರಿಂಜು?

ಸಂಜೆ ಏಳು ಗಂಟೆ. ಬಸ್ ಸ್ಟ್ಯಾಂಡ್ ಹಿಂದಿನ ಒಂದು ಕ್ಲಿನಿಕ್ಕು. ಬೆಂಚಿನ ತುಂಬ ಜನ. ಯಾರನ್ನೇ ಕೇಳಿ, ಎಲ್ಲರದೂ ಒಂದೇ ಬೇಡಿಕೆ. "ಮಾತ್ರೆ ಬೇಡ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೀಬೇಕು." ಸೂಜಿ ಚುಚ್ಚದ ಡಾಕ್ಟರು ನಮ್ಮ ಜನರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಇದು ಡಾಕ್ಟರಿಗೂ ಚೆನ್ನಾಗಿ ಗೊತ್ತು.

ಮೊನ್ನೆ ಅಲ್ಲೇ ಕೂತಿದ್ದೆ. ಕಂಪೌಂಡರ್ ಮಹಾಶಯ ಒಬ್ಬರಿಗೆ ಚುಚ್ಚಿದ ಸೂಜಿ ಕಿತ್ತು ಬಿಸಾಡಿದ. ಅದೇ ಸಿರಿಂಜಿಗೆ ಹೊಸ ಸೂಜಿ ಸಿಕ್ಕಿಸಿದ. ಬಾಟ್ಲಿಗೆ ಇಳಿಸಿ ಔಷಧಿ ಎಳೆದ. ಕೇಳಿದ್ದಕ್ಕೆ "ಸೂಜಿ ಹೊಸದೇ ಅಲ್ವಾ ಸಾರ್?" ಅಂದ.

ಎಡವಟ್ಟು ಇರುವುದೇ ಇಲ್ಲಿ. ಚುಚ್ಚಿ ತೆಗೆಯುವಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಕ್ಕೆ ಸೇರಿಕೊಳ್ಳಬಹುದು. ಸೂಜಿ ಬದಲಾಯಿಸಿದರೆ ಆ ರಕ್ತ ಎಲ್ಲಿ ಹೋಗುತ್ತೆ ಸ್ವಾಮಿ? ಅದೇ ಸಿರಿಂಜು ಬಾಟ್ಲಿಗೆ ಇಳಿದರೆ ಬಾಟ್ಲಿಯೂ ಕೆಟ್ಟಿತು. ಆಮೇಲೆ ಅದರಿಂದ ಎಳೆಸಿಕೊಂಡವರೆಲ್ಲ ಅಪಾಯಕ್ಕೆ ಬಿದ್ದಂತೆ. ಹೆಪಟೈಟಿಸ್ ಬಿ ವೈರಸ್ಸಂತೂ ಮೈಯಿಂದ ಹೊರಬಿದ್ದ ಮೇಲೂ ಕಡೇಪಕ್ಷ 7 ದಿನ ಜೀವ ಹಿಡಿದುಕೊಂಡಿರುತ್ತದೆ. ಲಿವರ್ ತಿನ್ನುವ ಕಾಮಾಲೆ ಅದು.

ಉತ್ಪ್ರೇಕ್ಷೆ ಅನ್ನುವವರು ಗುಜರಾತಿನ ಮೋಡಾಸಾದ ಕಥೆ ಕೇಳಬೇಕು. ನಮ್ಮ ಕಡೆಯ ತಾಲ್ಲೂಕು ಕೇಂದ್ರಗಳಂಥದೇ ಊರು. 2009ರ ಆರಂಭದಲ್ಲಿ ಅಲ್ಲಿ ಹೆಪಟೈಟಿಸ್ ಬಿ ಹಬ್ಬಿ 400ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, 80ಕ್ಕೂ ಹೆಚ್ಚು ಜನ ಸತ್ತರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮತ್ತೆ ಮತ್ತೆ ಬಳಸಿದ ಸಿರಿಂಜು. ಬೋರ್ಡು ಹಾಕಿಕೊಂಡ ಡಾಕ್ಟರುಗಳನ್ನೇ ಪೊಲೀಸರು ಬಂಧಿಸಿದರು. ಬಿಸಾಡಿದ ಸಿರಿಂಜುಗಳನ್ನು ಗುಜರಿಯಿಂದ ಎತ್ತಿ, ಮತ್ತೆ ಪ್ಯಾಕ್ ಮಾಡಿ ಮಾರುವ ದಂಧೆಯೂ ಆಗ ಬಯಲಿಗೆ ಬಂತು.

ಬೋರ್ಡೇ ಇಲ್ಲದವರ ಕಥೆ ಬೇರೆ. ಉತ್ತರ ಪ್ರದೇಶದ ಬಾಂಗರ್‌ಮವು ಪ್ರದೇಶದಲ್ಲಿ ಸೈಕಲ್ ಮೇಲೆ ಹಳ್ಳಿ ಸುತ್ತುತ್ತ ಅಗ್ಗಕ್ಕೆ ಚುಚ್ಚುತ್ತಿದ್ದ ನಕಲಿ ವೈದ್ಯನೊಬ್ಬನ ಮೇಲೆ ಕೇಸು ಬಿತ್ತು. 2018ರ ಜನವರಿಯಲ್ಲಿ ಶಿಬಿರ ಹಾಕಿ 566 ಜನರ ರಕ್ತ ನೋಡಿದರೆ 21 ಮಂದಿಗೆ ಎಚ್.ಐ.ವಿ.!

ಇಂಥವರು ಬೇಗ ಸಿಕ್ಕಿಬೀಳುವುದಿಲ್ಲ, ಯಾಕೆ? ಹೆಪಟೈಟಿಸ್ ಬಿ ಮೈಗೆ ಹೊಕ್ಕ ಮೇಲೆ ಕಣ್ಣು ಹಳದಿಯಾಗಲು ಒಂದೂವರೆ ತಿಂಗಳಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ಆ ಸಂಜೆ, ಆ ಸೂಜಿ ಯಾರಿಗೆ ನೆನಪಿರುತ್ತೆ? ನಾಟಿ ಮದ್ದು ಹುಡುಕಿಕೊಂಡು ಬಸ್ ಹತ್ತುತ್ತೇವೆ. ಹೆಪಟೈಟಿಸ್ ಸಿ ಇನ್ನೂ ಕಳ್ಳ. ವರ್ಷಗಟ್ಟಲೆ ಸುಳಿವೇ ಕೊಡದೆ ಲಿವರ್ ಸವೆಸುತ್ತದೆ. ಬಿ ಕಾಯಿಲೆಗೆ ಲಸಿಕೆ ಇದೆ, ದೊಡ್ಡವರೂ ಹಾಕಿಸಿಕೊಳ್ಳಬಹುದು. ಸಿ ಕಾಯಿಲೆಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಸರ್ಕಾರ 2018ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಈ ಮಾತ್ರೆ ಪುಕ್ಕಟೆ.

ಹಳಬರಿಗೆ ಗಾಜಿನ ಸಿರಿಂಜು ನೆನಪಿರಬೇಕು. ಸ್ಟೌ ಮೇಲೆ ಡಬ್ಬಿಯಲ್ಲಿ ಕೊತಕೊತ ಕುದಿಯುತ್ತಿತ್ತು. ಸರಿಯಾಗಿ ಕುದಿಸುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಈಗಿನ ಪ್ಲಾಸ್ಟಿಕ್ಕಿನದು ಒಂದೇ ಸಲಕ್ಕೆ ಅಂತಲೇ ಮಾಡಿದ್ದು. ಕಾಲು ಕೇಜಿ ಬೇಳೆ ಕೊಳ್ಳುವಾಗ ಕಲ್ಲಿದೆಯಾ ಅಂತ ಅಂಗೈಗೆ ಸುರಿದು ನೋಡುವ ನಾವು, ಸಿರಿಂಜಿನ ಪ್ಯಾಕೆಟ್ಟು ನಮ್ಮೆದುರೇ ಹರೀರಿ, ಮುಗಿದ ಮೇಲೆ ಸೂಜಿ ಕತ್ತರಿಸಿ ಹಾಕಿರಿ ಅನ್ನಲು ನಾಚುತ್ತೇವೆ. ಇದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: "ಇಂಜೆಕ್ಷನ್ ಬೇಕೇ ಬೇಕಾ, ಮಾತ್ರೆ ಸಾಲದಾ?"

ಮೊನ್ನೆ ನನ್ನ ಸರದಿ ಬಂದಾಗ ಹೊಸ ಸಿರಿಂಜು ತೆಗೆಯಪ್ಪ ಅಂದೆ. ಕಂಪೌಂಡರ್ ಮುಖ ಗಂಟಿಕ್ಕಿದ. ಹಿಂದಿದ್ದ ಅಜ್ಜಿಯೊಬ್ಬರು "ನಂಗೂ ಹೊಸದೇ ಹಾಕಪ್ಪ" ಅಂದರು. ಆಮೇಲೆ ಇನ್ನೊಬ್ಬರು. ಕೊನೆಗೆ ಗೊಣಗುತ್ತ ಮೇಜಿನ ಡ್ರಾಯರ್ ಎಳೆದ. ಒಳಗೆ ಬಾಯಿ ಒಡೆಯದ ಪ್ಯಾಕೆಟ್ಟುಗಳು ತುಂಬಿದ್ದವು.