ಮಾಪಕದ ಮುಳ್ಳು

ಮಳೆಗಾಲದ ಒಂದು ರಾತ್ರಿ. ಹೆರಿಗೆಯ ನೋವಿನಿಂದ ಬಳಲುತ್ತಿರುವ ತಾಯಿಯೊಬ್ಬಳನ್ನು ಮಲೆನಾಡಿನ ಹಳ್ಳಿಯಿಂದ ಪಟ್ಟಣದ ಆಸ್ಪತ್ರೆಗೆ ಹಳೆಯ ಜೀಪೊಂದರಲ್ಲಿ ಕರೆದೊಯ್ಯುತ್ತಿದ್ದಾರೆ ಎಂದು ಭಾವಿಸೋಣ. ಚಾಲಕನ ಎದುರಿನ ಮಾಪಕದ ಮುಳ್ಳು, ಕಾಲುಭಾಗ ಪೆಟ್ರೋಲ್ ಉಳಿದಿದೆಯೆಂದು ತೋರಿಸುತ್ತಿದೆ. ಆದರೆ ಘಟ್ಟದ ತಿರುವೊಂದರಲ್ಲಿ ಎಂಜಿನ್ ನಾಲ್ಕಾರು ಬಾರಿ ಕೆಮ್ಮಿ ನಿಂತುಬಿಡುತ್ತದೆ. ತೊಟ್ಟಿ ಬರಿದಾಗಿದೆ, ಮುಳ್ಳು ಮಾತ್ರ ಇನ್ನೂ ಕಾಲುಭಾಗದಲ್ಲಿಯೇ ಇದೆ! ಮಾಪಕವೇ ಇಲ್ಲದಿದ್ದರೆ ಆ ಚಾಲಕನು ಹೊರಡುವ ಮುನ್ನ ಕಡ್ಡಿಯನ್ನಾದರೂ ಇಳಿಬಿಟ್ಟು ನೋಡುತ್ತಿದ್ದನು. ಸುಳ್ಳು ಹೇಳುವ ಸಾಕ್ಷಿಗಿಂತ ಸಾಕ್ಷಿಯೇ ಇಲ್ಲದಿರುವುದು ಲೇಸು.

ಈ ಮುಳ್ಳು ಏಕೆ ಸುಳ್ಳು ಹೇಳುತ್ತದೆ? ಅದನ್ನು ಸರಿಪಡಿಸುವ ಬಗೆ ಹೇಗೆ? ಇದನ್ನು ತಿಳಿಯಲು ಮೊದಲು ಅದು ನಿಜ ಹೇಳುವ ಬಗೆಯನ್ನು ಅರಿಯಬೇಕು.

ಇಂಧನದ ತೊಟ್ಟಿಯೊಳಗೆ ಒಂದು ತೇಲುಗುಂಡು ಇರುತ್ತದೆ. ಇಂಧನದ ಮಟ್ಟ ಏರಿದಂತೆ ಅದು ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅದಕ್ಕೆ ಜೋಡಿಸಿದ ತೋಳಿನ ತುದಿಯು ರೋಧಕ ತಂತಿಯ ಸುರುಳಿಯೊಂದರ ಮೇಲೆ ಉಜ್ಜುತ್ತ ಸರಿಯುತ್ತದೆ. ಹೀಗೆ ಮಟ್ಟ ಬದಲಾದಾಗಲೆಲ್ಲ ವಿದ್ಯುತ್ತಿಗೆ ಎದುರಾಗುವ ರೋಧವೂ ಬದಲಾಗುತ್ತದೆ. ರೋಧ ಕಡಿಮೆಯಾದರೆ ಪ್ರವಾಹ ಹೆಚ್ಚುತ್ತದೆ, ರೋಧ ಹೆಚ್ಚಾದರೆ ಪ್ರವಾಹ ಕುಗ್ಗುತ್ತದೆ ಎಂಬ ಓಮನ ನಿಯಮವನ್ನು ನೀವು ಬಲ್ಲಿರಿ. ತೊಟ್ಟಿಯ ಸುದ್ದಿಯನ್ನು ಮುಳ್ಳಿಗೆ ಮುಟ್ಟಿಸುವ ದೂತ ಈ ಪ್ರವಾಹವೇ.

ಹಳೆಯ ಕಾರುಗಳ ಅನೇಕ ಮಾಪಕಗಳಲ್ಲಿ ದ್ವಿಲೋಹ ಪಟ್ಟಿಯೊಂದಿರುತ್ತದೆ. ಅದರ ಸುತ್ತಲಿನ ತಂತಿ ಬಿಸಿಯಾದಾಗ ಎರಡು ಲೋಹಗಳು ಅಸಮವಾಗಿ ಹಿಗ್ಗುತ್ತವೆ. ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಇನ್ನು ಕೆಲವು ಮಾಪಕಗಳಲ್ಲಿ ವಿದ್ಯುತ್ಕಾಂತದ ಸುರುಳಿಗಳು ಮುಳ್ಳನ್ನು ತಮ್ಮತ್ತ ಸೆಳೆಯುತ್ತವೆ. ರೋಧದ ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ಬಳಕೆಗೆ ಬಂದ ಒಂದು ಪದ್ಧತಿಯಲ್ಲಿ ತೊಟ್ಟಿ ಬರಿದಾದಾಗ 240 ಓಮ್, ತುಂಬಿದಾಗ 33 ಓಮ್ ಇರುತ್ತದೆ. ಯುರೋಪಿನ ಒಂದು ಪದ್ಧತಿ ಇದಕ್ಕೆ ತದ್ವಿರುದ್ಧ: ಬರಿದಾದಾಗ 10 ಓಮ್, ತುಂಬಿದಾಗ 180 ಓಮ್. ಆದುದರಿಂದ ಒಂದು ಪದ್ಧತಿಯ ತೇಲುಗುಂಡಿಗೆ ಮತ್ತೊಂದು ಪದ್ಧತಿಯ ಮಾಪಕವನ್ನು ಜೋಡಿಸಿದರೆ, ಇಬ್ಬರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡಿದಂತಾಗುತ್ತದೆ.

ವಾಹನಕ್ಕೆ ವಯಸ್ಸಾದಂತೆ ಈ ದೂತನ ದಾರಿಯಲ್ಲಿ ಅಡ್ಡಿಗಳು ಹುಟ್ಟುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದುದು ತುಕ್ಕು. ಪ್ರವಾಹವು ತೊಟ್ಟಿಯಿಂದ ವಾಹನದ ಲೋಹಕಾಯದ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ಆ ಸಂಪರ್ಕದಲ್ಲಿ ತುಕ್ಕು ಸೇರಿದರೆ, ಇಲ್ಲದ ರೋಧವೊಂದು ಲೆಕ್ಕಕ್ಕೆ ಬಂದು ಕೂಡುತ್ತದೆ. ಆಗ ಮೊದಲನೆಯ ಪದ್ಧತಿಯ ಮಾಪಕವು ಇರುವುದಕ್ಕಿಂತ ಕಡಿಮೆ ತೋರಿಸಿದರೆ, ಎರಡನೆಯದು ಹೆಚ್ಚು ತೋರಿಸುತ್ತದೆ. ತೇಲುಗುಂಡಿನಲ್ಲಿ ಸಣ್ಣ ತೂತಾಗಿ ಇಂಧನ ಒಳಸೇರಿದರೆ ಅದು ಮುಳುಗಿ, ಮುಳ್ಳು ಸದಾ ಬರಿದೆಂದೇ ಸಾರುತ್ತದೆ. ರೋಧಕ ತಂತಿ ಒಂದೆಡೆ ಸವೆದಿದ್ದರೆ ಆ ಮಟ್ಟದಲ್ಲಿ ಮಾತ್ರ ಮುಳ್ಳು ಥಟ್ಟನೆ ಜಿಗಿಯುತ್ತದೆ. ತೋಳು ಬಾಗಿದ್ದರೆ ಮಾಪಕ ಎಲ್ಲ ಮಟ್ಟಗಳಲ್ಲಿಯೂ ತಪ್ಪು ತೋರಿಸುತ್ತದೆ. ದ್ವಿಲೋಹದ ಮಾಪಕಕ್ಕೆ ಸ್ಥಿರವಾದ ವೋಲ್ಟೇಜ್ ಒದಗಿಸುವ ಉಪಕರಣ ಕೆಟ್ಟರೆ, ಅದರೊಡನೆ ಜೋಡಿಸಿದ ಉಷ್ಣತಾಮಾಪಕವೂ ತಪ್ಪತೊಡಗುತ್ತದೆ. ಇವೆರಡೂ ಒಟ್ಟಿಗೆ ತಪ್ಪುವುದೇ ಆ ದೋಷದ ಗುರುತು.

ರೋಗವನ್ನು ಅರಿಯದೆ ಔಷಧ ಕೊಡುವ ವೈದ್ಯನಿಲ್ಲ. ಇಲ್ಲಿಯೂ ಮೊದಲು ಪರೀಕ್ಷೆ, ಅನಂತರ ದುರಸ್ತಿ. ಅನುಭವಿಯಾದ ಯಂತ್ರಕುಶಲಿಯು ಹಣ ಖರ್ಚಾಗದ ಸ್ಥಳದಿಂದ ಆರಂಭಿಸುತ್ತಾನೆ. ತಂತಿಗಳ ತುದಿಗಳನ್ನೂ ಲೋಹಕಾಯದ ಸಂಪರ್ಕವನ್ನೂ ಉಜ್ಜಿ, ಬಿಗಿಗೊಳಿಸುತ್ತಾನೆ. ಎಷ್ಟೋ ಬಾರಿ ದೋಷ ಇಲ್ಲಿಯೇ ಮುಗಿಯುತ್ತದೆ. ಮುಗಿಯದಿದ್ದರೆ ತೊಟ್ಟಿಯಿಂದ ಬರುವ ತಂತಿಯನ್ನು ಬಿಡಿಸಿ, ಅದರ ಸ್ಥಾನದಲ್ಲಿ ಅಳತೆ ಗೊತ್ತಿರುವ ರೋಧಕವೊಂದನ್ನು ಸೇರಿಸುತ್ತಾನೆ. ಮುಳ್ಳು ಆ ರೋಧಕ್ಕೆ ತಕ್ಕ ಸ್ಥಾನದಲ್ಲಿ ನಿಂತರೆ ಮಾಪಕ ನಿರ್ದೋಷಿ, ತಪ್ಪು ತೊಟ್ಟಿಯ ಕಡೆಗಿದೆ. ನಿಲ್ಲದಿದ್ದರೆ ತಪ್ಪು ಮಾಪಕದಲ್ಲಿ ಇಲ್ಲವೆ ಅದಕ್ಕೆ ಹೋಗುವ ತಂತಿಯಲ್ಲಿದೆ. ಹೀಗೆ ಒಂದೇ ಪರೀಕ್ಷೆಯಿಂದ ಅರ್ಧ ಸಂದೇಹ ಪರಿಹಾರವಾಗುತ್ತದೆ.

ತೊಟ್ಟಿಯನ್ನು ಬಿಚ್ಚುವ ಕೆಲಸ ಮಾತ್ರ ಬಲ್ಲವರದೇ ಹೊರತು ಬಾಲಕರದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಬರಿದಾದ ತೊಟ್ಟಿಯೆಂದು ಅಲಕ್ಷ್ಯ ಮಾಡಲಾಗದು, ಅದರ ತುಂಬ ಆವಿ ಇರುತ್ತದೆ. ಆದುದರಿಂದ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಬಯಲು ಗಾಳಿಯಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಈ ಕೆಲಸ ನಡೆಯಬೇಕು.

ತೂತಾದ ತೇಲುಗುಂಡನ್ನೂ ಸವೆದ ಸುರುಳಿಯನ್ನೂ ಬದಲಿಸಿದ ಮೇಲೆ ಕೊನೆಯ ಕೆಲಸ, ಅಳತೆಯನ್ನು ಹೊಂದಿಸುವುದು. ಬರಿದಾದ ತೊಟ್ಟಿಗೆ ಐದೈದು ಲೀಟರ್ ಹಾಕುತ್ತ, ಪ್ರತಿ ಬಾರಿಯೂ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಬೇಕು. ತೊಟ್ಟಿಯ ಆಕಾರ ಅಂಕುಡೊಂಕಾಗಿದ್ದರೆ ಅರ್ಧ ಎತ್ತರವೆಂದರೆ ಅರ್ಧ ಇಂಧನವಲ್ಲ ಎಂಬುದು ಆಗ ತಿಳಿಯುತ್ತದೆ. ಹೊಸ ಭಾಗಗಳು ದೊರೆಯದಿದ್ದರೂ ಈ ಪಟ್ಟಿಯೊಂದೇ ಬಹಳ ಉಪಕಾರಿ. ಯಾವಾಗಲೂ ಒಂದೇ ತೆರನಾಗಿ ತಪ್ಪುವ ಮಾಪಕವನ್ನು ತಿದ್ದಿ ಓದಿಕೊಳ್ಳಬಹುದು. ಒಂದೊಂದು ಬಾರಿ ಒಂದೊಂದು ಬಗೆಯಾಗಿ ತಪ್ಪುವುದನ್ನು ಮಾತ್ರ ನಂಬಲಾಗದು.

ಆದರೆ ಕೈಯಳತೆಗೂ ಎಚ್ಚರ ಬೇಕು. 1983ರ ಜುಲೈ 23ರಂದು ಕೆನಡಾ ದೇಶದ ಹೊಸ ಬೋಯಿಂಗ್ 767 ವಿಮಾನವೊಂದರ ಇಂಧನ ಮಾಪಕಗಳು ಕೆಟ್ಟಿದ್ದವು. ಸಿಬ್ಬಂದಿಯವರು ಅಳತೆಯ ಕಡ್ಡಿಗಳಿಂದ ಇಂಧನವನ್ನು ಅಳೆದರು. ಅಳತೆ ಸರಿಯಾಗಿಯೇ ಇತ್ತು, ಲೆಕ್ಕ ತಪ್ಪಿತು. ಒಂದು ಲೀಟರಿಗೆ ಸುಮಾರು 0.8 ಕಿಲೋಗ್ರಾಂ ಎಂದು ಎಣಿಸುವ ಬದಲು 1.77 ಎಂಬ ಪೌಂಡಿನ ಸಂಖ್ಯೆಯನ್ನು ಬಳಸಿದರು. 22,300 ಕಿಲೋಗ್ರಾಂ ಬೇಕಾಗಿದ್ದ ವಿಮಾನವು ಅದರ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ಹಾರಿತು. 41,000 ಅಡಿ ಎತ್ತರದಲ್ಲಿ ಇಂಧನ ತೀರತೊಡಗಿ ಎರಡು ಎಂಜಿನ್‌ಗಳೂ ಒಂದರ ಹಿಂದೊಂದು ನಿಂತವು. ಚಾಲಕರು ವಿಮಾನವನ್ನು ಗಾಳಿಯಲ್ಲಿ ತೇಲಿಸುತ್ತ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 61 ಮಂದಿ ಪ್ರಯಾಣಿಕರೂ 8 ಮಂದಿ ಸಿಬ್ಬಂದಿಯೂ ಬದುಕಿ ಉಳಿದರು.

ಉಪಕರಣವು ನಮ್ಮ ಕಣ್ಣಿಗೆ ನೆರವಾಗಬಲ್ಲದು, ವಿವೇಕಕ್ಕೆ ಬದಲಾಗಲಾರದು. ಮುಳ್ಳು ಹೇಳಿದುದನ್ನು ಕೇಳಬೇಕು. ಆಗಾಗ ಅದನ್ನು ಒರೆಗೆ ಹಚ್ಚಿಯೂ ನೋಡಬೇಕು. ಘಟ್ಟದ ದಾರಿಯಲ್ಲಿ ನಿಂತ ಜೀಪಿಗೆ ಬೇಕಾಗಿದ್ದುದು ಹಿಂದಿನ ದಿನದ ಒಂದು ಗಳಿಗೆಯ ಪರೀಕ್ಷೆ ಮಾತ್ರ.