ಗೊಬ್ಬರ ಕಾಣದ ತಾಕು ಕಲಿಸುವ ಪಾಠ



ಸಂಶೋಧನಾ ಕೇಂದ್ರಕ್ಕೆ ಬಂದಾಗ ನೀವು ಮೊದಲು ವಿಚಾರಿಸುವುದು ಹೊಸ ತಳಿಯನ್ನು. ತಾಕುಗಳ ನಡುವೆ ನಡೆಯುವಾಗ ಒಂದು ಕಡೆ ಬೆಳವಣಿಗೆ ಕುಂಠಿತವಾಗಿ, ಹಳದಿಗೆ ತಿರುಗಿ ಸೊರಗಿದ ರಾಗಿ ಕಂಡರೆ "ಇದೇನು ಸ್ವಾಮಿ, ನಿಮ್ಮ ಹೊಲದಲ್ಲೂ ಹೀಗೆಯೇ?" ಎಂದು ನಗುವುದೂ ಉಂಟು. ಆ ತಾಕನ್ನು ನಾವು ಬೇಕೆಂದೇ ಹಾಗೆ ಉಳಿಸಿಕೊಂಡಿರುತ್ತೇವೆ. ಅದರ ಬಗೆಗೆ ವಿಜ್ಞಾನಿಗಳಿಗೇಕೆ ಅಷ್ಟು ಆಸಕ್ತಿ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಪ್ರಯೋಗದ ವಿವರ

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಭೂಮಿಯಲ್ಲಿ 1978ರಲ್ಲಿ ಖುಷ್ಕಿ ರಾಗಿಯ ಮೇಲೆ ಒಂದು ದೀರ್ಘಾವಧಿ ಪ್ರಯೋಗ ಆರಂಭವಾಯಿತು. ಒಂದು ಭಾಗದಲ್ಲಿ ವರ್ಷವರ್ಷವೂ ರಾಗಿ. ಇನ್ನೊಂದರಲ್ಲಿ ರಾಗಿ ಮತ್ತು ನೆಲಗಡಲೆಯ ಪರಿವರ್ತನೆ. ಒಂದು ತಾಕಿಗೆ ಏನನ್ನೂ ಕೊಡುವುದಿಲ್ಲ. ಒಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮಾತ್ರ, ಮತ್ತೊಂದಕ್ಕೆ ಶಿಫಾರಸು ಮಾಡಿದ ರಸಗೊಬ್ಬರ ಮಾತ್ರ. ಉಳಿದೆರಡಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆಗೆ ಅರ್ಧ ಅಥವಾ ಪೂರ್ಣ ಪ್ರಮಾಣದ ರಸಗೊಬ್ಬರ.

ಮೊದಲ ಕೆಲವು ವರ್ಷ ರಸಗೊಬ್ಬರದ ತಾಕು ಚೆನ್ನಾಗಿಯೇ ಬೆಳೆಯಿತು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದ್ದರೆ "ಚೀಲದ ಗೊಬ್ಬರ ಸಾಕು" ಎಂದು ನಿಮಗೆ ಹೇಳಿಬಿಡುತ್ತಿದ್ದೆವು. ವರ್ಷಗಳು ಕಳೆದಂತೆ ಆ ತಾಕಿನ ಇಳುವರಿ ಇಳಿಯತೊಡಗಿತು. ಎರಡೂ ಗೊಬ್ಬರ ಕಂಡ ತಾಕುಗಳು ಇಳುವರಿ ಕಾಯ್ದುಕೊಂಡವು. ಕೊಟ್ಟಿಗೆ ಗೊಬ್ಬರದೊಡನೆ ಅರ್ಧ ಪ್ರಮಾಣದ ರಸಗೊಬ್ಬರ ಪಡೆದ ತಾಕು ಸಹ, ಪೂರ್ಣ ರಸಗೊಬ್ಬರ ಮಾತ್ರ ಪಡೆದ ತಾಕನ್ನು ಮೀರಿಸಿತು.

ಕಾರಣವೇನು?

ನಮ್ಮ ಕೆಂಪು ಮಣ್ಣು ಹಗುರ. ಅದರಲ್ಲಿ ಸಾವಯವ ಅಂಶ ಕಡಿಮೆ. ಬಿದ್ದ ಮಳೆಯನ್ನೂ ಹಾಕಿದ ಪೋಷಕಾಂಶವನ್ನೂ ಹಿಡಿದಿಡುವ ಶಕ್ತಿ ಅದಕ್ಕೆ ಸಾಲದು. ಸಾರಜನಕದ ರಸಗೊಬ್ಬರವನ್ನು ಮಾತ್ರ ನಂಬಿದರೆ ಕ್ರಮೇಣ ಹುಳಿಯೂ ಹೆಚ್ಚುತ್ತದೆ. ಕೊಟ್ಟಿಗೆ ಗೊಬ್ಬರವು ತೇವ ಹಿಡಿಯುತ್ತದೆ, ಹುಳಿಯನ್ನು ತಡೆಯುತ್ತದೆ, ಸತು ಮೊದಲಾದ ಲಘು ಪೋಷಕಾಂಶಗಳನ್ನೂ ಒದಗಿಸುತ್ತದೆ.

ಈ ಬಗೆಯ ಪ್ರಯೋಗಗಳಿಗೆ ಹಿರಿಯಣ್ಣನಂತಿರುವುದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರ. ಅಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗ ಇಂದಿಗೂ ನಡೆದಿದೆ. ಅಲ್ಲಿನ ಬಾರ್ಲಿ ಹೊಲದ ಒಂದು ತಾಕಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಕೊಟ್ಟು ಅನಂತರ ನಿಲ್ಲಿಸಲಾಯಿತು. ನೂರು ವರ್ಷ ಕಳೆದ ಮೇಲೂ ಆ ತಾಕಿನ ಮಣ್ಣಿನಲ್ಲಿ, ಗೊಬ್ಬರವನ್ನೇ ಕಾಣದ ತಾಕಿಗಿಂತ ಹೆಚ್ಚು ಸಾವಯವ ಅಂಶ ಉಳಿದಿತ್ತು. ತಾತ ಹಾಕಿದ ಗೊಬ್ಬರ ಮೊಮ್ಮಗನಿಗೂ ದಕ್ಕುತ್ತದೆ.

ಗೊಬ್ಬರ ಎಲ್ಲಿಂದ ತರುವುದು?

ಹೆಕ್ಟೇರಿಗೆ 10 ಟನ್ ಎಂದರೆ ಎಕರೆಗೆ 4 ಟನ್. ಗಾಡಿಗೆ ಅರ್ಧ ಟನ್ನಿನಂತೆ ಎಂಟು ಗಾಡಿ. ಒಮ್ಮೆ ರೈತರ ಸಭೆಯಲ್ಲಿ ನಾನಿದನ್ನು ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತರು. "ಎತ್ತು ಮಾರಿ ಬಾಡಿಗೆ ಟ್ರಾಕ್ಟರಿನಲ್ಲಿ ಉಳ್ತಾ ಇದೀವಿ. ಇರೋದು ಒಂದೇ ಹಸು. ಎಂಟು ಗಾಡಿ ಎಲ್ಲಿಂದ ತರಲಿ ಸ್ವಾಮಿ?" ಎಂದರು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಶಿಫಾರಸು ಬರೆಯುವವರು ಕೊಟ್ಟಿಗೆಯನ್ನೂ ನೋಡಬೇಕೆಂಬ ಪಾಠ ಅಂದು ನನಗಾಯಿತು. ಇಂದು ಅವರಿಗೆ ಹೇಳಬಹುದಾದದ್ದು ಇಷ್ಟು:

1. ಇರುವ ಗೊಬ್ಬರವನ್ನು ಕೆಡಿಸಬೇಡಿ. ಬಯಲಿನ ತಿಪ್ಪೆಯ ಸಾರ ಬಿಸಿಲು ಮಳೆಗೆ ಹೋಗುತ್ತದೆ. ನೆರಳಿನ ಗುಂಡಿಯಲ್ಲಿ ತುಂಬಿ ಮಣ್ಣು ಮುಚ್ಚಿ. ಕೊಟ್ಟಿಗೆಗೆ ಕಸಕಡ್ಡಿ ಹರಡಿದರೆ ಗಂಜಲವೂ ಉಳಿಯುತ್ತದೆ.

2. ಬದುಗಳ ಮೇಲೆ ಗೊಬ್ಬರದ ಗಿಡ, ಹೊಂಗೆ ಬೆಳೆಸಿ ಸೊಪ್ಪನ್ನು ಮಣ್ಣಿಗೆ ಸೇರಿಸಿ.

3. ಮುಂಗಾರಿನ ಮೊದಲ ಮಳೆಗಳು ಒದಗಿದರೆ ಅಪ್ಸೆಣಬು ಅಥವಾ ಅಲಸಂದೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮುಗ್ಗಿಸಿ. ಅದು ಕೊಳೆತ ನಂತರ ರಾಗಿ ಬಿತ್ತಿ.

4. ಇರುವಷ್ಟು ಗೊಬ್ಬರವನ್ನು ಇಡೀ ಹೊಲಕ್ಕೆ ತೆಳ್ಳಗೆ ಎರಚುವ ಬದಲು, ಹೊಲವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿಗೆ ಸರದಿಯಂತೆ ಕೊಡಿ. ಗೊಬ್ಬರದ ಗುಣ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

5. ರಸಗೊಬ್ಬರವನ್ನು ಪೂರ್ತಿ ಬಿಡಬೇಕಾಗಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ.

ಈ ಸಲ ಸರದಿ ಬಂದ ಪಾಲಿಗೆ ಗೂಟ ನೆಟ್ಟು ಗುರುತಿಡಿ. ಕೊಯ್ಲಿನಲ್ಲಿ ಅದರ ಒಂದು ಗುಂಟೆಯ ರಾಗಿಯನ್ನೂ ಪಕ್ಕದ ಪಾಲಿನ ಒಂದು ಗುಂಟೆಯದನ್ನೂ ಬೇರೆಬೇರೆ ತೂಗಿ ಬರೆದಿಡಿ. ನಾಲ್ಕೈದು ವರ್ಷದ ಲೆಕ್ಕ ಕೂಡಿದಾಗ ಆ ಪುಸ್ತಕವನ್ನು ನಮ್ಮಲ್ಲಿಗೆ ತನ್ನಿ. ನಮ್ಮ ತಾಕುಗಳ ಲೆಕ್ಕದ ಪಕ್ಕದಲ್ಲಿಟ್ಟು ಇಬ್ಬರೂ ಕೂಡಿ ನೋಡೋಣ.